ಅಯ್ಯನವರ ಕೆಲಸ

ಪಿಯುಸಿ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಒಂದೇ ಮಾತು. ಎಂಜಿನಿಯರಿಂಗೋ, ಮೆಡಿಕಲ್ಲೋ, ಅದಾಗದಿದ್ದರೆ ಬಿ.ಕಾಂ. ಮಾಡಿ ಬ್ಯಾಂಕ್ ಪರೀಕ್ಷೆಗೆ ಕೂರುವುದೋ. ಈ ಗದ್ದಲದ ನಡುವೆ ಸಾವಿರದಲ್ಲಿ ಒಂದು ಮನೆಯಲ್ಲಿ ಮಗನೋ ಮಗಳೋ ‘ಸಭಾಪಾಲನೆಗೆ ಹೋಗುತ್ತೇನೆ’ ಎಂದುಬಿಟ್ಟರೆ? ಕ್ರೈಸ್ತ ಕುಟುಂಬವೇ ಆದರೂ ಅಪ್ಪನ ಮುಖ ಒಂದು ಗಳಿಗೆ ಸಪ್ಪಗಾಗುತ್ತದೆ. ಭಾನುವಾರದ ಆರಾಧನೆ ಮುಗಿದ ಮೇಲೆ ಅಯ್ಯನವರಿಗೆ ಕೈಮುಗಿಯುವುದು ಬೇರೆ, ಮನೆಯ ಹುಡುಗನೇ ಅಯ್ಯನವರಾಗುವುದು ಬೇರೆ. ಮೊದಲ ಪ್ರಶ್ನೆ ಸಂಬಳದ್ದು. ಎರಡನೆಯದು, ‘ಅದಕ್ಕೆ ಓದುವುದೇನಿದೆ?’ ಎಂಬುದು.

ಎರಡನೆಯ ಪ್ರಶ್ನೆಗೆ ಉತ್ತರ ಉದ್ದವಾಗಿದೆ.

‘ಫಾದರ್’ ಎಂದು ಕರೆಸಿಕೊಳ್ಳುವವರು ಕ್ಯಾಥೊಲಿಕ್ ಪಾದ್ರಿಗಳು, ಅವರು ಮದುವೆಯಾಗುವುದಿಲ್ಲ. 1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಆರಂಭಿಸಿದ ಸುಧಾರಣೆಯಿಂದ ಕವಲೊಡೆದ ಪ್ರಾಟೆಸ್ಟೆಂಟ್ ಸಭೆಗಳಲ್ಲಿರುವವರು ಸಭಾಪಾಲಕರು. ಇವರಿಗೆ ಸಂಸಾರ ಉಂಟು, ಪಡಿತರ ಚೀಟಿ ಉಂಟು, ಮಕ್ಕಳ ಶಾಲೆಯ ಫೀಸಿನ ಚಿಂತೆಯೂ ಉಂಟು. ದೇವರಿಗೂ ಭಕ್ತನಿಗೂ ನಡುವೆ ಮಧ್ಯವರ್ತಿ ಬೇಡ, ನಂಬಿದವರೆಲ್ಲರೂ ಯಾಜಕರೇ ಎಂಬುದು ಲೂಥರರ ಮಾತಿನ ತಿರುಳು. ಎಲ್ಲರೂ ಯಾಜಕರೇ ಆದ ಮೇಲೆ ಸಭಾಪಾಲಕನ ಅಧಿಕಾರ ಎಲ್ಲಿಂದ ಬರಬೇಕು? ಆತ ಅಪ್ಪಣೆ ಮಾಡುವಂತಿಲ್ಲ. ಸಭೆಯ ಹಿರಿಯರ ಸಮಿತಿಯೊಡನೆ ಕೂತು, ಒಪ್ಪಿಸಿ, ಕೆಲವೊಮ್ಮೆ ಸೋತು ಕೆಲಸ ನಡೆಸಬೇಕು. ಗ್ರಾಮ ಪಂಚಾಯ್ತಿ ಸದಸ್ಯನಿಗೂ ಇಷ್ಟು ಜನ ಪ್ರಶ್ನೆ ಕೇಳುವುದಿಲ್ಲವೇನೋ.

ಈ ಕೆಲಸದ ಕಷ್ಟ ತಿಳಿಯಲು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹಳೆಯ ನಕ್ಷೆ ನೋಡುವುದು ಒಳ್ಳೆಯದು. ಇವೆಲ್ಲ ಈಗ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; ನ್ಯಾಮತಿ ಹೊನ್ನಾಳಿಯೊಳಗೇ ಇತ್ತು. ಇನ್ನೂ ಹಿಂದಕ್ಕೆ ಹೋದರೆ ಇದು ಮೈಸೂರು ಸಂಸ್ಥಾನದ ಬಡಗಣ ಅಂಚು. ಹೊನ್ನಾಳಿ ಸೀಮೆ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಮುಂಬಯಿ ಸರ್ಕಾರದ ಧಾರವಾಡ ಜಿಲ್ಲೆ. ಜಗಳೂರಿನಿಂದ ಕೂಡ್ಲಿಗಿ ಕಡೆ ಹೊರಟರೆ ಮದರಾಸು ಸರ್ಕಾರದ ಬಳ್ಳಾರಿ ಜಿಲ್ಲೆ. ಒಂದೇ ಕನ್ನಡ, ಮೂರು ಸರ್ಕಾರ.

ಮಿಷನ್ನುಗಳೂ ಮೂರು. ಬಳ್ಳಾರಿಗೆ 1810ರಲ್ಲೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ನೆಲೆಸಿದ್ದರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಮೂರೇ ವರ್ಷಕ್ಕೆ ಧಾರವಾಡ ಸೇರಿದರು. ಮೈಸೂರು ಸಂಸ್ಥಾನದ ಬಹುಭಾಗದಲ್ಲಿ ವೆಸ್ಲಿಯನ್ ಮೆಥಡಿಸ್ಟರು ಕೆಲಸ ಮಾಡಿದರು. ಒಬ್ಬರದು ಇಂಗ್ಲೆಂಡಿನ ಸ್ವತಂತ್ರ ಸಭೆಗಳ ಪದ್ಧತಿ, ಇನ್ನೊಬ್ಬರದು ಜರ್ಮನಿ–ಸ್ವಿಟ್ಜರ್ಲೆಂಡಿನದು, ಮತ್ತೊಬ್ಬರದು ಜಾನ್ ವೆಸ್ಲಿಯದು. ಇಲ್ಲಿಯ ರೈತನಿಗೆ ಆ ವ್ಯತ್ಯಾಸ ಕಟ್ಟಿಕೊಂಡು ಏನಾಗಬೇಕಿತ್ತು?

ಮೂವರಿಗೂ ಮೊದಲು ಎದುರಾದ ಪಾಠ ಭಾಷೆಯದು. ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1830ರ ದಶಕದ ಆರಂಭದ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಬಂತು. ಅದೇ ಬಳ್ಳಾರಿ ಮಿಷನ್ನಿನ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟಿಸಿದರು. ಅದನ್ನು 1858ರಲ್ಲಿ ಪರಿಷ್ಕರಿಸಿದವರು ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್. ಆಮೇಲೆ ಸುಮಾರು 70 ಸಾವಿರ ಪದಗಳ ಮಹಾನಿಘಂಟನ್ನು 1894ರಲ್ಲಿ ಕೊಟ್ಟವರು ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್. ಸಭೆಗಳು ಒಂದಾಗುವ ಮಾತು ಬಲಿಯುವ ಮೊದಲೇ ನಿಘಂಟಿನ ಕೆಲಸ ಮೂರು ಮಿಷನ್ನುಗಳ ಕೈ ದಾಟಿ ಬಂದಿತ್ತು. ಬೆಂಗಳೂರಿನ ಲಂಡನ್ ಮಿಷನ್ನಿನ ಪಾದ್ರಿಯ ಮಗ ಬಿ.ಎಲ್. ರೈಸ್ ಅಂತೂ ಪಾದ್ರಿಯಾಗದೆ ಶಾಸನಗಳ ಬೆನ್ನು ಹತ್ತಿದರು. ಚನ್ನಗಿರಿ, ಹೊನ್ನಾಳಿಗಳ ಶಾಸನಗಳು ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿವೆ, ಜಗಳೂರಿನವು ಹನ್ನೊಂದನೆಯದರಲ್ಲಿ. ತಂದೆ ಬಯಸಿದ ದಾರಿಯಲ್ಲೇ ಮಗ ಹೋಗಬೇಕೆಂದಿಲ್ಲ ಎಂಬುದಕ್ಕೆ ಇದನ್ನೂ ಪೋಷಕರು ನೆನೆಯಬಹುದು.

ಕಿಟೆಲ್ಲರ ಕಥೆಯಲ್ಲಿ ಕೊಂಚ ನಿಲ್ಲಬೇಕು. ಅವರು ಇಲ್ಲಿಗೆ ಬಂದದ್ದು 1853ರಲ್ಲಿ, 21ರ ಪ್ರಾಯದಲ್ಲಿ. ಮಿಷನ್ ಎಂದರೆ ವರ್ಷದ ಕೊನೆಯಲ್ಲಿ ವರದಿ ಕಳಿಸಬೇಕು: ಎಷ್ಟು ಜನರಿಗೆ ದೀಕ್ಷಾಸ್ನಾನವಾಯಿತು, ಎಷ್ಟು ಶಾಲೆ, ಎಷ್ಟು ಮಕ್ಕಳು. ಆ ಲೆಕ್ಕದ ಪುಸ್ತಕದಲ್ಲಿ ಕಿಟೆಲ್ ದೊಡ್ಡ ಹೆಸರಲ್ಲ. ಅವರು ಕೇಶಿರಾಜನ ‘ಶಬ್ದಮಣಿದರ್ಪಣ’, ನಾಗವರ್ಮನ ‘ಛಂದೋಂಬುಧಿ’ಗಳನ್ನು ಸಂಪಾದಿಸುತ್ತ ಕೂತರು, ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಮೇಲಿನವರಿಗೆ ಇದು ಪಾದ್ರಿಯ ಕೆಲಸವೆನಿಸದೆ ಹೋಗಿದ್ದರೆ ಆಶ್ಚರ್ಯವಿಲ್ಲ. ಬಂದು 41 ವರ್ಷಕ್ಕೆ ನಿಘಂಟು ಹೊರಬಂತು. ಇಂದು ಆ ಕಾಲದ ವಾರ್ಷಿಕ ವರದಿಗಳನ್ನು ಸಂಶೋಧಕರ ಹೊರತು ಯಾರೂ ತೆರೆಯುವುದಿಲ್ಲ, ನಿಘಂಟನ್ನು ತೆರೆಯುತ್ತಾರೆ. ಆದರೆ ಇದನ್ನೇ ಹಿಡಿದು ಲೆಕ್ಕವೇ ಬೇಡ ಎನ್ನುವುದೂ ತಪ್ಪು. ಕಿಟೆಲ್ ಪದ ಹುಡುಕುತ್ತಿದ್ದಾಗ ಹಳ್ಳಿಯ ಸಭೆಗಳನ್ನು ನೋಡಿಕೊಂಡು ಕಾಯಿಲೆಯವರ ಬಳಿ ಕೂತವರು ಹೆಸರಿಲ್ಲದ ಉಪದೇಶಿಗಳು. ಅವರ ನಿಘಂಟು ಅವರು ನಡೆದ ಹಾದಿಯಲ್ಲೇ ಸವೆದುಹೋಯಿತು.

ಆ ಉಪದೇಶಿಗಳನ್ನು ತಯಾರು ಮಾಡುವ ಯೋಚನೆ ಮೊದಲೇ ಹುಟ್ಟಿತ್ತು. ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು 1843ರಲ್ಲಿ ಆರಂಭಿಸಿದ ಹರ್ಮನ್ ಮೊಗ್ಲಿಂಗ್ ಪತ್ರಕರ್ತರಿಗೆ ಮಾತ್ರ ಗುರುವಲ್ಲ. ಮಂಗಳೂರಿನ ತರುಣ ಆನಂದರಾವ್ ಕೌಂಡಿನ್ಯ ಅವರನ್ನು 1846ರಲ್ಲಿ ಬಾಸೆಲ್‌ಗೆ ಕರೆದೊಯ್ದು ದೇವಜ್ಞಾನಶಾಸ್ತ್ರ ಓದಿಸಿದವರೂ ಅವರೇ. ಕೌಂಡಿನ್ಯ 1851ರಲ್ಲಿ ದೀಕ್ಷೆ ಪಡೆದು ಮರಳಿದರು, ಮುಂದೆ ಪಾಠವನ್ನೂ ಹೇಳಿದರು. ಬಲ್ಮಠದ ಸೆಮಿನರಿ ಶುರುವಾದದ್ದು 1847ರಲ್ಲಿ. ಇಷ್ಟಾದರೂ ಹಣದ ಪೆಟ್ಟಿಗೆಯ ಬೀಗದ ಕೈ ಬಹುಕಾಲ ವಿದೇಶೀಯರ ಬಳಿಯೇ ಇತ್ತು. ಓದಿಸುವುದು ಸುಲಭ, ಬಿಟ್ಟುಕೊಡುವುದು ಕಷ್ಟ.

ಕೊನೆಗೆ ಬಿಟ್ಟುಕೊಡಿಸಿದ್ದು ಯುದ್ಧ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಿತ್ತು. ನೇಯ್ಗೆ ಇತ್ತು, ಮುದ್ರಣಾಲಯ ಇತ್ತು. ದೀಕ್ಷಾಸ್ನಾನ ಪಡೆದು ಜಾತಿಯಿಂದ, ಕಸುಬಿನಿಂದ ಹೊರಬಿದ್ದವರಿಗೆ ಅಲ್ಲಿ ಕೂಲಿ ಸಿಗುತ್ತಿತ್ತು. ಒಳ್ಳೆಯದೇ. ಆದರೆ ಪ್ರಾರ್ಥನೆ ಹೇಳಿಸುವವರೇ ಸಂಬಳವನ್ನೂ ಎಣಿಸಿದರೆ ಭಕ್ತಿ ಯಾವುದು, ಹಂಗು ಯಾವುದು ಎಂದು ಬೇರ್ಪಡಿಸುವುದು ಹೇಗೆ? 1914ರಲ್ಲಿ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಮಿಷನರಿಗಳನ್ನು ಬಂಧಿಸಿ ದೇಶದಿಂದ ಕಳಿಸಲಾಯಿತು. ಉದ್ಯಮಗಳು ಬೇರೆಯವರ ಕೈಸೇರಿದವು. ಭಾನುವಾರ ಬಂದಾಗ ಗಂಟೆ ಹೊಡೆಯಬೇಕಾದವರು ಊರಿನ ಸಭಾಪಾಲಕರು, ಹಿರಿಯರು. ಹೊಡೆದರು. ಎಂಟು ದಶಕಗಳ ಮಿಷನ್ ಕೆಲಸಕ್ಕೆ ಅದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿರಲಿಲ್ಲ.

ಮುಂದಿನ ಹೆಜ್ಜೆ 1947ರ ಸೆಪ್ಟೆಂಬರ್ 27ರದು. ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಶನಲ್, ಪ್ರೆಸ್ಬಿಟೇರಿಯನ್ ಪರಂಪರೆಯ ಸಭೆಗಳು ಮದರಾಸಿನಲ್ಲಿ ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆದವು. ದೇಶ ಸ್ವತಂತ್ರವಾಗಿ ಆಗಷ್ಟೇ ಆರು ವಾರ ತುಂಬಿತ್ತು. ಮೈಸೂರಿನ ಬಿಷಪ್ ಆದವರು ಪಿ. ಗುರುಶಾಂತ. ಹೆಸರಿನಲ್ಲೇ ಊರನ್ನು ಹೊತ್ತ ಹೊಸಪೇಟೆ ಸುಮಿತ್ರ 1954ರಿಂದ 1962ರವರೆಗೆ ಇಡೀ ಸಭೆಯ ಮಾಡರೇಟರ್ ಆಗಿದ್ದರು. ಬಾಸೆಲ್ ಮಿಷನ್ನಿನ ಕನ್ನಡ ಸಭೆಗಳೂ ಬಳಿಕ ಸೇರಿಕೊಂಡವು. 1970ರಲ್ಲಿ ಮೈಸೂರು ಸಭಾಪ್ರಾಂತ್ಯ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾಯಿತು. ಹೆಣ್ಣುಮಕ್ಕಳಿಗೂ ಸಭಾಪಾಲನೆಯ ದೀಕ್ಷೆ ಸಿಗತೊಡಗಿತು. 2013ರಲ್ಲಿ ಇ. ಪುಷ್ಪಲಲಿತಾ ನಂದ್ಯಾಲದ ಬಿಷಪ್ ಆದರು. ಸಿ.ಎಸ್.ಐ.ನಲ್ಲಿ ಆ ಪೀಠವೇರಿದ ಮೊದಲ ಮಹಿಳೆ ಅವರು. ಆದ್ದರಿಂದ ‘ಸಭಾಪಾಲನೆಗೆ ಹೋಗುತ್ತೇನೆ’ ಎಂದದ್ದು ಮಗಳಾದರೆ ತಂದೆ ತಾಯಿ ನಗುವ ಹಾಗಿಲ್ಲ.

ಇನ್ನು ಓದಿನ ವಿಷಯ. ಮಂಗಳೂರಿನ ಬಲ್ಮಠದ ಸೆಮಿನರಿಯೂ ತುಮಕೂರಿನ ಸೆಮಿನರಿಯೂ 1965ರಲ್ಲಿ ಒಂದಾಗಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆಯಿತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದು. ಬಿ.ಡಿ. ಪದವಿ ಕೊಡುವುದು ಬಂಗಾಳದ ಸೆರಾಂಪುರ. 1818ರಲ್ಲಿ ಆ ಕಾಲೇಜನ್ನು ಕಟ್ಟಿದವರಲ್ಲಿ ಒಬ್ಬರಾದ ವಿಲಿಯಂ ಕೇರಿ ಅದಕ್ಕೂ ಒಂದು ವರ್ಷ ಮೊದಲೇ ಕನ್ನಡ ವ್ಯಾಕರಣ ಅಚ್ಚುಹಾಕಿಸಿದ್ದರು. ಓದು ನಾಲ್ಕೈದು ವರ್ಷದ್ದು. ಹೀಬ್ರೂ, ಗ್ರೀಕ್ ಅಕ್ಷರಗಳಿಂದ ಹಿಡಿದು ಸಭೆಯ ಚರಿತ್ರೆ, ಇತರ ಧರ್ಮಗಳ ಪರಿಚಯ, ಸಮಾಜದ ಅಧ್ಯಯನ, ದುಃಖದಲ್ಲಿರುವವರೊಡನೆ ಮಾತನಾಡುವ ಬಗೆ, ಎಲ್ಲ ಬರುತ್ತದೆ. ಸಭಾಪ್ರಾಂತ್ಯ ಆಯ್ಕೆ ಮಾಡಿ ಕಳಿಸಿದವರು ಓದು ಮುಗಿಸಿ, ಕೆಲಕಾಲ ಹಿರಿಯರ ಕೈಕೆಳಗೆ ದುಡಿದು, ಮೊದಲು ಡೀಕನ್, ಆಮೇಲೆ ಪ್ರೆಸ್ಬಿಟರ್ ದೀಕ್ಷೆ ಪಡೆಯುತ್ತಾರೆ.

ದೀಕ್ಷೆ ಪಡೆದ ತರುಣ ಇಂಥ ಸೀಮೆಗೆ ಬಂದನೆನ್ನಿ. ಸೂಳೆಕೆರೆಯ ಆಸುಪಾಸಿನಲ್ಲಿ ನೀರು, ಚನ್ನಗಿರಿಯ ಕಡೆ ಅಡಿಕೆ ತೋಟ. ಜಗಳೂರಿನಲ್ಲಿ ಮೋಡ ನೋಡುವ ರೈತ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಕ್ಷೇತ್ರ. ಸುತ್ತಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಜಗಳೂರಿನ ಹಳ್ಳಿಗಳಲ್ಲಿ ತೆಲುಗು ಕಿವಿಗೆ ಬೀಳುತ್ತದೆ. ಕಲಿತ ಹೀಬ್ರೂ ಇಲ್ಲಿ ಒಂದು ವಾಕ್ಯಕ್ಕೂ ನೆರವಾಗದು. ಹೊಸ ಭಾಷೆಗೆ ಕಿವಿಗೊಡುವ ಅಭ್ಯಾಸ ನೆರವಾದೀತು. ಹತ್ತಾರು ಮನೆಗಳ ಸಭೆ, ಮೂರು ನಾಲ್ಕು ಕಡೆ ಚದುರಿದ್ದು. ಓದಿದ ಹುಡುಗರು ದಾವಣಗೆರೆಗೆ, ಬೆಂಗಳೂರಿಗೆ ಹೋಗಿರುತ್ತಾರೆ. ಉಳಿದವರಲ್ಲಿ ಕೆಲವರು ಮೈಕು, ಕೀಬೋರ್ಡು ಇರುವ ಹೊಸ ಪ್ರಾರ್ಥನಾ ಮಂದಿರದತ್ತ. ಹಿರಿಯರ ಸಮಿತಿ ಕೂತರೆ ಮಾತು ಕಾಂಪೌಂಡ್ ಗೋಡೆಯಿಂದ ಆರಂಭವಾಗಿ ಕಾಂಪೌಂಡ್ ಗೋಡೆಯಲ್ಲೇ ಮುಗಿಯುತ್ತದೆ. ಮಿಷನ್ನಿನವರು ಬಿಟ್ಟುಹೋದ ಆಸ್ತಿ ಕೆಲವು ಊರುಗಳಲ್ಲಿ ಆಶೀರ್ವಾದಕ್ಕಿಂತ ವ್ಯಾಜ್ಯವಾಗಿಯೇ ಉಳಿದಿದೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಒಂದಿದೆ, ಅದು ವಿದ್ಯಾರ್ಥಿಯಿಂದಲೇ ಬರುತ್ತದೆ. ಪರಿಶಿಷ್ಟ ಜಾತಿಯ ಕಾಲೇಜು ಹುಡುಗನೊಬ್ಬ ತಾನಾಗಿ ಬಂದು ದೀಕ್ಷಾಸ್ನಾನ ಕೇಳಿದರೆ ಅಯ್ಯನವರು ಏನು ಹೇಳಬೇಕು? 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತರಿಗೆ ಸಿಕ್ಕಿಲ್ಲ. ಜಾತಿ ಮಾತ್ರ ಚರ್ಚಿನ ಬಾಗಿಲಲ್ಲಿ ಚಪ್ಪಲಿಯಂತೆ ಹೊರಗುಳಿಯುವುದಿಲ್ಲ. ಸಂಬಂಧ ಬೆಳೆಸುವಾಗ ಒಳಗಿನವರೇ ಕೇಳುತ್ತಾರೆ. ವರದಿಯಲ್ಲಿ ಒಂದು ಹೆಸರು ಹೆಚ್ಚಾಗಲಿ ಎಂದು ಸುಮ್ಮನೆ ನೀರು ಹಾಕುವವರಿದ್ದಾರೆ. ಶಾಲೆಯ ದಾಖಲೆಯಲ್ಲಿ ಒಂದು, ಸಭೆಯ ದಾಖಲೆಯಲ್ಲಿ ಇನ್ನೊಂದು ಇರಲಿ ಎಂದು ಕಣ್ಣು ಮಿಟುಕಿಸುವವರೂ ಇದ್ದಾರೆ. ಒಳ್ಳೆಯ ಸಭಾಪಾಲಕ ಹುಡುಗನನ್ನು ಕೂರಿಸಿ ಹಾಸ್ಟೆಲ್, ವಿದ್ಯಾರ್ಥಿವೇತನ, ಮುಂದಿನ ನೌಕರಿ ಎಲ್ಲವನ್ನೂ ಬಿಡಿಸಿ ಹೇಳುತ್ತಾನೆ, ತಂದೆ ತಾಯಿಯೊಡನೆ ಮಾತಾಡಿ ಬಾ ಎನ್ನುತ್ತಾನೆ, ಅವಸರ ಮಾಡುವುದಿಲ್ಲ. ಹುಡುಗ ಮರಳಿ ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದರೆ ಆ ವರ್ಷದ ವರದಿಯಲ್ಲಿ ಆ ಸಾಲು ಖಾಲಿ. ಆ ಖಾಲಿ ಸಾಲನ್ನು ಬಿಷಪ್ಪರ ಮುಂದಿಡುವ ಧೈರ್ಯವನ್ನು ಯಾವ ಕಾಲೇಜೂ ಪಠ್ಯದಲ್ಲಿ ಕಲಿಸುವುದಿಲ್ಲ.

ಸಂಬಳ? ಸಭಾಪ್ರಾಂತ್ಯದಿಂದ ಬರುತ್ತದೆ, ಶ್ರೀಮಂತನಾಗುವಷ್ಟಲ್ಲ. ವಾಸಕ್ಕೆ ಮನೆ ಕೊಡುತ್ತಾರೆ. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಆಗ ಮಕ್ಕಳ ಟಿ.ಸಿ. ಹಿಡಿದು ಹೊಸ ಊರಿನ ಹೆಡ್‌ಮಾಸ್ತರರ ಮುಂದೆ ನಿಲ್ಲುವುದು ಅಯ್ಯನವರ ಹೆಂಡತಿಯ ಪಾಲು. ಈ ಲೆಕ್ಕವನ್ನು ಮುಚ್ಚಿಡದೆ ಮೊದಲೇ ಹುಡುಗನಿಗೆ ಹೇಳುವ ತಂದೆಯನ್ನು ನಂಬಿಕೆ ಕಡಮೆಯಾದವನೆಂದು ಜರೆಯಬೇಕಿಲ್ಲ.

ಸುಗ್ಗಿಯ ಕಾಲಕ್ಕೆ ಇಂಥ ಸಭೆಗಳಲ್ಲಿ ಬೆಳೆಹಬ್ಬ ನಡೆಯುತ್ತದೆ. ತಂದದ್ದನ್ನೆಲ್ಲ ವೇದಿಕೆಯ ಮುಂದಿಡುತ್ತಾರೆ: ಬಾಳೆಗೊನೆ, ಕುಂಬಳಕಾಯಿ, ಮೆಕ್ಕೆಜೋಳ, ಜೋಡಿ ಕೋಳಿ. ಆರಾಧನೆ ಮುಗಿದ ಮೇಲೆ ಹರಾಜು. ಒಬ್ಬರು ಹತ್ತು ಪಟ್ಟು ಬೆಲೆಗೆ ಕೂಗಿ ಕೊಂಡದ್ದನ್ನು ಮತ್ತೆ ವೇದಿಕೆಗೇ ಕೊಡುತ್ತಾರೆ, ಇನ್ನೊಬ್ಬರು ಕೂಗುತ್ತಾರೆ, ಮಕ್ಕಳು ಕುಣಿಯುತ್ತವೆ. ಬಂದ ಹಣವನ್ನು ಖಜಾಂಚಿ ಎಣಿಸಿ ಬರೆದುಕೊಳ್ಳುತ್ತಾರೆ. ಮಳೆ ಕೈಕೊಟ್ಟ ವರ್ಷ ತರಲು ಏನೂ ಇಲ್ಲದೆ ಆ ದಿನ ಮನೆಯಲ್ಲೇ ಉಳಿದವರು ಒಂದಿಬ್ಬರು ಇದ್ದೇ ಇರುತ್ತಾರೆ. ಮರುದಿನ ಬೆಳಿಗ್ಗೆ ಅಯ್ಯನವರ ಸ್ಕೂಟರ್ ಹೊರಡಬೇಕಾದದ್ದು ಅವರ ಮನೆಯ ಕಡೆಗೆ.