ನಿರಚನೆ ಯಾರ ಕೈಲಿ?



ಎಂ.ಎ. ಕ್ಲಾಸಿನಲ್ಲಿ ‘ನಿರಚನೆ’ ಅಂದ ಕೂಡಲೇ ನಮಗೆ ತಲೆ ಸುತ್ತು ಬರುತ್ತೆ. ಹೆದರಬೇಕಾದ್ದಿಲ್ಲ. ಮಾತು-ಬರಹ, ಒಳಗು-ಹೊರಗು ಅಂತ ಜೋಡಿ ಮಾಡಿ ಒಂದನ್ನು ಮೇಲೆ ಕೂರಿಸಿ ಇನ್ನೊಂದನ್ನು ಕೆಳಗೆ ತಳ್ಳುವ ಬರಹ, ಆ ಕೆಳಗಿನದರ ಹೆಗಲ ಮೇಲೇ ನಿಂತಿರುತ್ತದೆ. ಅದನ್ನು ಅದರ ಮಾತಿನಿಂದಲೇ ತೋರಿಸಿ ಅಂದವನು ಡೆರಿಡಾ. ಮೇಲು-ಕೀಳು ಅಂದರೇನೆಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಆತನಿಗೂ ಬೇಕಿರಲಿಲ್ಲ: 1942ರಲ್ಲಿ ಅಲ್ಜೀರಿಯಾದಲ್ಲಿ, ಯಹೂದಿ ಹುಡುಗ ಅಂತ ಶಾಲೆಯಿಂದ ಹೊರಗಟ್ಟಿದ್ದರು.

ಈ ಓದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವಿಮರ್ಶೆಯ ಫ್ಯಾಷನ್ನೇ ಆಯ್ತು. ಅಲ್ಲಿಯ ದೊಡ್ಡ ತಲೆ ಪಾಲ್ ಡಿ ಮಾನ್. ಆತ ಸತ್ತ ಮೇಲೆ, 1987ರಲ್ಲಿ, ಹಳೇ ಕಡತ ಬಯಲಾಯ್ತು. ನಾಜಿಗಳ ಹಿಡಿತದಲ್ಲಿದ್ದ ಬೆಲ್ಜಿಯಂ ಪತ್ರಿಕೆಯಲ್ಲಿ 1941ರಲ್ಲಿ ಬರೆದಿದ್ದನಂತೆ, ಯಹೂದಿಗಳನ್ನು ಯೂರೋಪಿನಾಚೆ ಸಾಗಹಾಕಿದರೂ ಸಾಹಿತ್ಯಕ್ಕೇನೂ ನಷ್ಟವಿಲ್ಲ ಅಂತ! ಶಾಲೆ ಬಿಡಿಸಿಕೊಂಡ ಆ ಹುಡುಗನೇ 1988ರಲ್ಲಿ, ಅದು ಗಾಯ ಅಂತ ಒಪ್ಪಿಕೊಂಡರೂ, ಆ ಸಾಲುಗಳಲ್ಲಿ ಇನ್ನೊಂದು ಅರ್ಥ ಹುಡುಕಿ ಗೆಳೆಯನ ಪರ ನಿಂತ.

ನಮ್ಮ ತಕರಾರು ಇಲ್ಲಿ. ಹೊರಗಟ್ಟಿಸಿಕೊಂಡವರು ಆ ಸಾಲನ್ನು ಹೇಗೆ ಓದ್ಯಾರು ಅಂತ ಮೊದಲು ಕೇಳಬೇಕಿತ್ತು.

ಹಾಗಂತ ಪುಸ್ತಕ ಬಿಸಾಡಬೇಡಿ. 1976ರಲ್ಲಿ ಗಾಯತ್ರಿ ಸ್ಪಿವಾಕ್ ಇಂಗ್ಲಿಷಿಗೆ ತಂದದ್ದು ಲೈಬ್ರರಿಯಲ್ಲಿದ್ದರೆ ಹಾಸ್ಟೆಲಿಗೆ ತನ್ನಿ. ಮುನ್ನುಡಿಯೇ ಒಂದು ಪುಸ್ತಕದಷ್ಟಿದೆ, ನಾಲ್ಕು ಜನ ಕೂಡಿ ಓದೋಣ.