ತುಕ್ಕಿನೊಳಗಿನ ಚರಿತ್ರೆ

ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿರುವ ಮಜ್ಜೋರೆ ಸರೋವರದ ತಳದಲ್ಲಿ ಒಂದು ಕಾರು ಸುಮಾರು ಏಳು ದಶಕ ಮುಳುಗಿ ಕುಳಿತಿತ್ತು. ಅದು 1925ರ ಬುಗಾಟಿ. ಸುಂಕ ಕಟ್ಟದ್ದಕ್ಕಾಗಿ ಅಧಿಕಾರಿಗಳೇ ಅದನ್ನು ನೀರಿಗೆ ನೂಕಿದರೆಂಬ ಕಥೆಯುಂಟು. 2009ರಲ್ಲಿ ಅದನ್ನು ಮೇಲೆತ್ತಿದಾಗ ತಗಡಿನ ಬಹುಭಾಗವನ್ನು ತುಕ್ಕು ತಿಂದು ಹಾಕಿತ್ತು. ಆದರೂ 2010ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಎರಡೂವರೆ ಲಕ್ಷ ಯೂರೋಗಳಿಗೂ ಹೆಚ್ಚಿನ ಬೆಲೆ ಬಂತು. ಕೊಂಡವರು ಅಮೆರಿಕದ ಸಂಗ್ರಾಹಕ ಪೀಟರ್ ಮಲ್ಲಿನ್. ಅವರು ಅದಕ್ಕೆ ಹೊಸ ಬಣ್ಣ ಬಳಿಸಲಿಲ್ಲ. ತುಕ್ಕು ಹಿಡಿದ ಸ್ಥಿತಿಯಲ್ಲೇ ಪ್ರದರ್ಶನಕ್ಕಿಟ್ಟರು.

ಇಷ್ಟು ಹಣ ಕೊಟ್ಟವರು ಹೀಗೇಕೆ ಮಾಡಿದರು? ಹಳೆಯ ಕಾರುಗಳನ್ನು ದುರಸ್ತಿ ಮಾಡುವ ಪ್ರತಿಯೊಬ್ಬರೂ ಎದುರಿಸುವ ಪ್ರಶ್ನೆ ಇದು: ಎಷ್ಟು ಸರಿಪಡಿಸಬೇಕು, ಎಲ್ಲಿ ಕೈ ನಿಲ್ಲಿಸಬೇಕು?

ಪ್ರದರ್ಶನದಲ್ಲಿ ಕಾರಿನ ಹೊಳಪು ನೋಡಿ ಬೆರಗಾಗುವುದು ಸುಲಭ. ಅದರ ಹಿಂದಿನ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಮೊದಲು ಕಾರನ್ನು ಪೂರ್ತಿ ಬಿಚ್ಚಬೇಕು. ಬಿಚ್ಚಿದ ಒಂದೊಂದು ಬೋಲ್ಟಿಗೂ ಚೀಟಿ ಅಂಟಿಸಬೇಕು. ಮೂಲ ಬಣ್ಣ ಯಾವುದೆಂದು ತಿಳಿಯಲು ಡ್ಯಾಶ್‌ಬೋರ್ಡಿನ ಅಡಿಯಲ್ಲೋ ಬಾಗಿಲ ಒಳಗೋ ಹುಡುಕಬೇಕು. ಎಷ್ಟೋ ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಹಳೆಯ ತುಣುಕನ್ನು ಅಳೆದು ಲೇತ್ ಯಂತ್ರದಲ್ಲಿ ಹೊಸದಾಗಿ ಮಾಡಿಸಬೇಕು. ನಜ್ಜುಗುಜ್ಜಾದ ಮಡ್‌ಗಾರ್ಡನ್ನು ಟಿಂಕರಿಂಗ್ ಕೆಲಸದವರು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮೊದಲಿನ ತಿರುವಿಗೆ ತರುತ್ತಾರೆ. ಈ ಕೆಲಸದಲ್ಲಿ ಅಳತೆಪಟ್ಟಿಗಿಂತ ಅಂಗೈಯ ಸ್ಪರ್ಶವನ್ನೇ ಹೆಚ್ಚು ನಂಬುವವರುಂಟು.

ಇಷ್ಟೆಲ್ಲ ಬಲ್ಲವರೂ ಎಡವುವುದು ಅತಿ ಉತ್ಸಾಹದಲ್ಲಿ. ಇನ್ನೂ ಬಾಳುವ ಸೀಟನ್ನು ಕಿತ್ತು ಹೊಸ ಚರ್ಮ ಹೊದಿಸಿದರೆ ಕಾರು ಚೆಂದ ಕಾಣುತ್ತದೆ, ನಿಜ. ಆದರೆ ಅಂದಿನ ಕೆಲಸಗಾರ ಹಾಕಿದ ಹೊಲಿಗೆ ಮತ್ತೆ ಸಿಗುವುದಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ರೂಪಿಸಿದ ಟ್ಯೂರಿನ್ ಸನ್ನದು ಹೇಳುವುದೂ ಇದನ್ನೇ: ಅಗತ್ಯವಿದ್ದಷ್ಟೇ ಬದಲಿಸಿ, ಬದಲಿಸಿದ್ದನ್ನು ದಾಖಲಿಸಿ. ಹಾಗೆಂದು ಎಲ್ಲ ಕಾರನ್ನೂ ತುಕ್ಕಿಗೆ ಬಿಡಬೇಕೆಂದಲ್ಲ. ಎಂಜಿನ್ ಓಡಿದರೆ ತಾನೇ ಅದರ ಸದ್ದು ಮುಂದಿನ ಪೀಳಿಗೆಗೆ ಕೇಳಿಸುವುದು! ಒಂದೊಂದು ಕಾರಿಗೂ ಬೇರೆ ಬೇರೆ ತೀರ್ಮಾನ ಬೇಕು.

ನಮ್ಮ ದೇಶದಲ್ಲೂ 2021ರಲ್ಲಿ ಇದಕ್ಕೊಂದು ನಿಯಮ ಬಂತು. ಮೊದಲು ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅವುಗಳ ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಚಾಸಿಯನ್ನೋ ಬಾಡಿಯನ್ನೋ ಎಂಜಿನ್ನನ್ನೋ ಬಹುವಾಗಿ ಮಾರ್ಪಡಿಸಿದರೆ ಆ ಗೌರವವಿಲ್ಲ.

ಇಂಥ ಕಾರುಗಳನ್ನು ನೋಡಲು ದೂರ ಹೋಗಬೇಕಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಸಮೀಪದ 'ಪಯಣ'ದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಕಾರುಗಳಿವೆ. ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಯರು ಕಾರಿನ ಮುಂದೆ ನಿಲ್ಲಿಸಿ ಫೋಟೋ ತೆಗೆದು ಹೊರಟುಬಿಡಬಾರದು. ಈ ತಗಡು ಯಾರು ಬಗ್ಗಿಸಿದರು, ಈ ಗಾಲಿಯ ಕಡ್ಡಿಗಳನ್ನು ಯಾರು ಬಿಗಿದರು ಎಂದು ಮಕ್ಕಳೊಡನೆ ಮಾತಾಡಿ ನೋಡಬೇಕು.

ಏಕೆಂದರೆ ಕಾರಿಗಿಂತ ಬೇಗ ಕಣ್ಮರೆಯಾಗುವುದು ಆ ಕಸುಬು. 'ಓದದಿದ್ದರೆ ಗ್ಯಾರೇಜಿಗೆ ಹಾಕುತ್ತೇನೆ' ಎಂದು ಮಕ್ಕಳನ್ನು ಹೆದರಿಸುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆ ಗ್ಯಾರೇಜಿನಲ್ಲಿ ಲೋಹಶಾಸ್ತ್ರವಿದೆ, ರೇಖಾಗಣಿತವಿದೆ, ಚರಿತ್ರೆಯಿದೆ. ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆಯಿದೆ. ಹಳೆಯ ಮೆಕ್ಯಾನಿಕ್ ಒಬ್ಬ ಶಿಷ್ಯರಿಲ್ಲದೆ ಕಣ್ಣು ಮುಚ್ಚಿದರೆ, ಆತನ ಕೈಯಲ್ಲಿದ್ದ ವಿದ್ಯೆಯನ್ನು ಯಾವ ಸರೋವರದ ತಳದಿಂದಲೂ ಮೇಲೆತ್ತಲಾಗದು.