ಸೋತವರ ಸಿಟ್ಟು ಯಾರ ತಲೆಗೆ?



2023ರ ಮೇ 21ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಯಲ್ ಚಾಲೆಂಜರ್ಸ್ ತಂಡ ಗುಜರಾತಿಗೆ ಆರು ವಿಕೆಟ್‌ಗಳಿಂದ ಸೋತು ಪಂದ್ಯಾವಳಿಯಿಂದಲೇ ಹೊರಬಿತ್ತು. ಕೊಹ್ಲಿ 101 ಹೊಡೆದರೂ ಶುಭಮನ್ ಗಿಲ್ 104 ಹೊಡೆದು ಗೆಲುವನ್ನು ಕಸಿದರು. ಆಗ ಕೆಲವು ಅಭಿಮಾನಿಗಳು, ಆಟ ನೋಡಲು ಬಂದಿದ್ದ ಗಿಲ್ ಅವರ ಸಹೋದರಿಯ ಮೇಲೆ ಮೊಬೈಲಿನಲ್ಲಿ ಹೊಲಸು ಬೈಗುಳ ಸುರಿಸಿದರು. ಆಕೆ ಬ್ಯಾಟು ಹಿಡಿದವಳೂ ಅಲ್ಲ, ಚೆಂಡು ಎಸೆದವಳೂ ಅಲ್ಲ.

ಅಮೆರಿಕದ ಷಿಕಾಗೋದಲ್ಲಿ 2003ರಲ್ಲಿ ಬೇಸ್‌ಬಾಲ್ ನೋಡುತ್ತಿದ್ದ ಒಬ್ಬನು ತನ್ನತ್ತ ಬಂದ ಚೆಂಡಿಗೆ ಕೈಚಾಚಿದ. ಪಕ್ಕದವರೂ ಚಾಚಿದ್ದರು. ಆಮೇಲೆ ಆಟಗಾರರೇ ಎಡವಿ ಎದುರಾಳಿಗೆ ಎಂಟು ಓಟ ಬಿಟ್ಟುಕೊಟ್ಟರು, ಮರುದಿನವೂ ಸೋತರು. ಊರು ಮಾತ್ರ ಅವನೊಬ್ಬನನ್ನೇ ಶಪಿಸಿತು. ತಂಡವು 2016ರಲ್ಲಿ ಗೆದ್ದು, 2017ರಲ್ಲಿ ಅವನಿಗೂ ವಿಜಯದ ಉಂಗುರ ಕೊಟ್ಟಿತು. ಅಷ್ಟರಲ್ಲಿ ಹದಿನಾಲ್ಕು ವರ್ಷ ಕಳೆದಿತ್ತು.

ಯಾಜಕಕಾಂಡ 16ರಲ್ಲಿ ಆರೋನನು ಮೊದಲು ಜನರ ತಪ್ಪುಗಳನ್ನು ಅರಿಕೆ ಮಾಡಿ, ಆಮೇಲೆ ಹೋತವನ್ನು ಅಡವಿಗೆ ಬಿಡಿಸುತ್ತಾನೆ. ನಾವು ಅರಿಕೆಯನ್ನು ಬಿಟ್ಟು ಹೋತವನ್ನು ಮಾತ್ರ ಹುಡುಕುತ್ತೇವೆ. ತೋಟದಲ್ಲಿ ತೂಕ ಕಡಿಮೆ ಬಂದಾಗಲೂ ಬೆರಳು ಹೋಗುವುದು ಗುಂಪಿನ ಬಡಪಾಯಿಯ ಕಡೆಗೇ.

ಇದನ್ನು ಮಕ್ಕಳ ಆಟದಲ್ಲಿಯೇ ತಿದ್ದೋಣ. ಸೋತ ಸಂಜೆ ಅವರು ನೋಡಿದವರನ್ನು ಬೈಯದೆ, ತಾವು ಆಡಿದ್ದನ್ನು ಮಾತಾಡಲಿ.